ಅಪ್ಪನ ಮುಖಕ್ಕೆ ಎಷ್ಟು ಬೆಳಕು?

ಆನ್‌ಸೈಟಿಗೆ ಹೋದವರು ಬರುವಾಗ ಏನಾದರೊಂದು ತರಲೇಬೇಕು ಅನ್ನುವ ಅಲಿಖಿತ ನಿಯಮ ಇದೆಯಲ್ಲ, ಅದರ ಪ್ರಕಾರ ನಾನು ಅಮೆರಿಕದಿಂದ ಒಂದು ಕ್ಯಾಮ್‌ಕಾರ್ಡರ್ ತಂದೆ. ಚಾಕೊಲೇಟ್ ಹಂಚಿ ಮುಗಿದ ಮೇಲೆ ಉಳಿದದ್ದು ಅದೊಂದೇ. ಮ್ಯಾನ್ಯುಯಲ್ ಓದುವ ಅಭ್ಯಾಸ ನನಗಿಲ್ಲ. (ಆಫೀಸಲ್ಲಿ ನಾನು ಬರೆಯುವ ಡಾಕ್ಯುಮೆಂಟನ್ನೂ ಯಾರೂ ಓದಲ್ಲ, ಲೆಕ್ಕ ಸರಿಹೋಯ್ತು.) ಆಟೋ ಅಂತ ಒಂದು ಬಟನ್ ಇತ್ತು, ಒತ್ತಿದೆ. ಅಷ್ಟೇ ನನ್ನ ವಿದ್ಯೆ.

ಆ ವರ್ಷ ಊರಲ್ಲಿ, ದೇವಸ್ಥಾನದ ಎದುರಿನ ಬಯಲಲ್ಲಿ ಹವ್ಯಾಸಿಗಳ ‘ಗದಾಯುದ್ಧ’. ಅಪ್ಪನದು ಕೌರವ. ಮಂಡಿ ಸವೆದಿದೆ, ಇನ್ನು ಕುಣಿಯೋದು ಸಾಕು ಅಂತ ಡಾಕ್ಟರು ಹೇಳಿಯಾಗಿತ್ತು. ‘ಇದೊಂದು ಆಟ, ಆಮೇಲೆ ಇಲ್ಲ’ ಅಂತ ಅಮ್ಮನ ಹತ್ತಿರ ಒಪ್ಪಿಕೊಂಡಿದ್ದ. 30 ವರ್ಷ ವೇಷ ಕಟ್ಟಿದ ಮನುಷ್ಯ ತನ್ನ ಕುಣಿತವನ್ನು ತಾನೇ ಒಮ್ಮೆಯೂ ನೋಡಿರಲಿಲ್ಲ. ನೋಡೋದು ಹೇಗೆ? ಹಾಗಾಗಿ ಕ್ಯಾಮೆರಾ ಕಂಡು ಖುಷಿಯಾಗಿದ್ದ. ‘ಪೂರ್ತಿ ತೆಗೀತೀಯಲ್ಲ?’ ಅಂತ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಾ ಎರಡು ಸಲ ಕೇಳಿದ. ಪೂರ್ತಿ ತೆಗೆದೆ. ಜನರ ಹಿಂದೆ ಸ್ಟ್ಯಾಂಡ್ ನಿಲ್ಲಿಸಿಕೊಂಡು, ನಿದ್ದೆಗೆಟ್ಟು, ಬೆಳಗಿನ ಜಾವದವರೆಗೂ.

ಮರುದಿನ ಮನೆಯವರೆಲ್ಲ ಟೀವಿ ಮುಂದೆ ಕೂತೆವು. ಚೆಂಡೆ ಕೇಳಿಸ್ತು, ಭಾಗವತರ ಹಾಡು ಕೇಳಿಸ್ತು, ಕೌರವ ಬಂದ. ಕಿರೀಟದ ಕೆಳಗೆ ಮುಖ ಇರಬೇಕಾದ ಜಾಗದಲ್ಲಿ ಸುಣ್ಣ ಬಳಿದಂಥ ಒಂದು ಬಿಳಿ ಉಂಡೆ. ಕಣ್ಣಿಲ್ಲ, ಮೀಸೆ ಇಲ್ಲ, ಹುಬ್ಬು ಹಾರಿಸಿದ್ದು ಇಲ್ಲ. ಅಪ್ಪ ಹತ್ತು ನಿಮಿಷ ಸುಮ್ಮನೆ ನೋಡಿದ. ಆಮೇಲೆ, ‘ಹಿಂದಿನ ಪರದೆ ಚೆನ್ನಾಗಿ ಬಂದಿದ್ಯಲ ಮಾರಾಯ’ ಅಂತ ಎದ್ದು ತೋಟಕ್ಕೆ ಹೋದ.

ಬೈದಿದ್ದರೆ ವಾಸಿಯಿತ್ತು.

ಬೆಂಗಳೂರಿಗೆ ವಾಪಸಾದ ಮೇಲೆ ಮ್ಯಾನ್ಯುಯಲ್ ಹುಡುಕಿ ಓದಿದೆ. ತಪ್ಪು ಕ್ಯಾಮೆರಾದ್ದಲ್ಲ ಅಂತ ಅರ್ಥವಾಯ್ತು. ಆಟೋದಲ್ಲಿಟ್ಟ ಕ್ಯಾಮೆರಾಕ್ಕೆ ಕೌರವನೂ ಗೊತ್ತಿಲ್ಲ, ಅಪ್ಪನೂ ಗೊತ್ತಿಲ್ಲ. ಅದು ಇಡೀ ಚಿತ್ರದ ಬೆಳಕಿನ ಸರಾಸರಿ ತೆಗೆದು, ತೀರಾ ಕಪ್ಪೂ ಅಲ್ಲದ ತೀರಾ ಬಿಳಿಯೂ ಅಲ್ಲದ ಒಂದು ನಡುಬೂದಿಗೆ ತರಲು ನೋಡುತ್ತದೆ. ನನ್ನ ಚೌಕಟ್ಟಿನ ಮುಕ್ಕಾಲು ಪಾಲು ಬಯಲಿನ ಕತ್ತಲು. ‘ಅಯ್ಯೋ ಕತ್ತಲೆ’ ಅಂತ ಅದು ಐರಿಸನ್ನು ಪೂರಾ ತೆರೆದಿದೆ. ಹ್ಯಾಲೊಜೆನ್ ದೀಪದ ನಡುವೆ ನಿಂತ ಒಂದೇ ಒಂದು ಮುಖ ಅದಕ್ಕೆ ಬಲಿ. ಮಧ್ಯಾಹ್ನ ಕಿಟಕಿ ಎದುರು ಕೂತವರನ್ನು ತೆಗೆದರೆ ಇದೇ ಲೆಕ್ಕ ತಿರುಗಾಮುರುಗಾ: ಹೊರಗಿನ ಬಿಸಿಲು ಸರಿಹೋಗುತ್ತೆ, ಮುಖ ಮಸಿಯಾಗುತ್ತೆ. ಮೊದಲನೆಯದಕ್ಕೆ ಸ್ಪಾಟ್‌ಲೈಟ್ ಅಂತ, ಎರಡನೆಯದಕ್ಕೆ ಬ್ಯಾಕ್‌ಲೈಟ್ ಅಂತ ನನ್ನ ಕ್ಯಾಮೆರಾದಲ್ಲೇ ಬೇರೆ ಬೇರೆ ಸೆಟ್ಟಿಂಗ್ ಇದ್ದವು. ಆ ರಾತ್ರಿ ನನ್ನ ಹೆಬ್ಬೆರಳಿನಿಂದ ಎರಡು ಇಂಚು ದೂರದಲ್ಲಿ.

ಇನ್ನೂ ಬೇಜಾರಿನ ಸಂಗತಿ ಅಂದರೆ, ಹಾಗೆ ಬಿಳಿಚಿಕೊಂಡದ್ದನ್ನು ಯಾವ ಸಾಫ್ಟ್‌ವೇರೂ ವಾಪಸು ತರಲ್ಲ. ಅಲ್ಲಿ ಮಾಹಿತಿಯೇ ದಾಖಲಾಗಿರೋದಿಲ್ಲ. ಸಾರಿಗೆ ಉಪ್ಪು ಕಮ್ಮಿಯಾದರೆ ಆಮೇಲೆ ಹಾಕಬಹುದು, ಜಾಸ್ತಿಯಾದರೆ ತೆಗೆಯೋಕಾಗಲ್ಲ. ಬೆಳಕೂ ಹಾಗೇ. ಅದಕ್ಕೇ ಜೀಬ್ರಾ ಅಂತ ಒಂದು ಸೌಲಭ್ಯ ಕೊಟ್ಟಿರ್ತಾರೆ. 100ಕ್ಕೆ ಇಟ್ಟರೆ, ಬೆಳಕು ಮಿತಿಮೀರಿದ ಜಾಗದಲ್ಲಿ ಪರದೆ ಮೇಲೆ ಪಟ್ಟೆ ಕಾಣುತ್ತೆ. ಕಿರೀಟದ ಹೊಳಪಿನ ಮೇಲೆ ಪಟ್ಟೆ ಬಂದರೆ ಬರಲಿ, ಹಣೆ ಮೇಲೆ ಬಂದರೆ ಐರಿಸ್ ತಗ್ಗಿಸಲೇಬೇಕು.

ಅಪ್ಪ ಮತ್ತೆ ಗೆಜ್ಜೆ ಕಟ್ಟಲಿಲ್ಲ. ಆದರೆ ಮುಂದಿನ ಮಳೆಗಾಲದಲ್ಲಿ ನಮ್ಮ ಮನೆ ಜಗುಲಿಯಲ್ಲಿ ತಾಳಮದ್ದಳೆ ಇಟ್ಟುಕೊಂಡರು. ತಾಳಮದ್ದಳೆಗೆ ವೇಷ ಬೇಡ, ಕುಣಿತ ಬೇಡ, ಕೂತು ಅರ್ಥ ಹೇಳಿದರಾಯ್ತು. ಪ್ರಸಂಗ ಅದೇ ಗದಾಯುದ್ಧ, ಅಪ್ಪನದು ಅದೇ ಕೌರವ. ನಾನು ರಜೆ ಹಾಕಿ ಹೋದೆ.

ಶುರುವಾದಾಗ ಸಂಜೆ ನಾಲ್ಕು. ಅಪ್ಪನ ಬೆನ್ನಿಗೆ ಅಂಗಳದ ಬೆಳಕು. ಮುಖದವರೆಗೆ ಜೂಮ್ ಮಾಡಿ, ಅಲ್ಲಿಗೆ ಎಕ್ಸ್‌ಪೋಷರ್ ಹೊಂದಿಸಿ, ಲಾಕ್ ಮಾಡಿ, ಹಿಂದಕ್ಕೆ ಬಂದೆ. ಅಂಗಳ ಬೆಳ್ಳಗಾಯ್ತು. ಆಗಲಿ, ಅಂಗಳವನ್ನು ನಾನು ನೋಡಿದ್ದೇನೆ.

ಕತ್ತಲಾದ ಮೇಲೆ ಟ್ಯೂಬ್‌ಲೈಟ್ ಹಾಕಿದರು, ಚಿತ್ರ ಮಿಣಮಿಣ ಅನ್ನತೊಡಗಿತು. ನಮ್ಮ ಕರೆಂಟು 50 ಹರ್ಟ್ಸ್, ಹಳೇ ಚೋಕಿನ ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುತ್ತೆ. ನನ್ನ ಅಮೆರಿಕದ ಕ್ಯಾಮೆರಾ 60ರ ಲೆಕ್ಕದಲ್ಲಿ ಹುಟ್ಟಿದ್ದು. ಶಟರನ್ನು 1/100ಕ್ಕೆ ಇಟ್ಟೆ, ಮಿಣುಕು ನಿಂತಿತು. ಎಂಟೂವರೆಗೆ ಕರೆಂಟೇ ಹೋಯ್ತು! ಅಮ್ಮ ಎರಡು ಲಾಟೀನು ತಂದಿಟ್ಟಳು. ಶಟರ್ 1/60ಕ್ಕೆ ಇಳಿಸಿ, ಗೇನ್ ಏರಿಸಿದೆ. ಪ್ರತಿ 6 ಡೆಸಿಬೆಲ್‌ಗೆ ಬೆಳಕು ಎರಡರಷ್ಟು, ಜೊತೆಗೆ ರವೆ ಚೆಲ್ಲಿದ ಹಾಗೆ ಕಾಳುಕಾಳು. 12ಕ್ಕೆ ನಿಲ್ಲಿಸಿದೆ. ಇನ್ನೂ ಏರಿಸಬಹುದಿತ್ತು, ಆದರೆ ಲಾಟೀನಿನ ಬೆಳಕು ಲಾಟೀನಿನ ಬೆಳಕಿನ ಹಾಗೇ ಕಾಣಬೇಕಲ್ಲವಾ. ಅಪ್ಪನ ಅರ್ಧ ಮುಖಕ್ಕೆ ಬೆಳಕಿತ್ತು, ಅರ್ಧಕ್ಕೆ ಇರಲಿಲ್ಲ. ಎಲ್ಲರನ್ನೂ ಕಳೆದುಕೊಂಡು ಕೊಳದೊಳಗೆ ಅಡಗಿದ ಕೌರವ ಮಾತಾಡುತ್ತಿದ್ದ. ಅಪ್ಪ ಒಂದು ಕ್ಷಣವೂ ನಿಲ್ಲಿಸಲಿಲ್ಲ.

ಮರುದಿನ ಮತ್ತೆ ಟೀವಿ. ಈ ಸಲ ಹುಬ್ಬು ಕಾಣಿಸ್ತು, ಮಾತಿನ ನಡುವೆ ನುಂಗಿದ ಉಗುಳೂ ಕಾಣಿಸ್ತು. ಅಪ್ಪ ಬಾಗಿ ಬಾಗಿ ನೋಡಿದ. ‘ನಾನು ಇಷ್ಟು ಮುದುಕ ಆಗಿದೀನೇನೋ?’ ಅಂದ.

ಏನು ಹೇಳಲಿ? ಗಲ್ಲದ ಗುಳಿ, ಕಣ್ಣ ಕೆಳಗಿನ ಚೀಲ ನನಗೂ ಹೊಸತೇ. ವರ್ಷಕ್ಕೆ ಎರಡು ಸಲ ಊರಿಗೆ ಹೋಗಿ, ಮನೆ, ತೋಟ, ಅಪ್ಪ, ಅಮ್ಮ ಎಲ್ಲದರ ಸರಾಸರಿ ನೋಡಿಕೊಂಡು ‘ಎಲ್ಲ ಚೆನ್ನಾಗಿದೆ’ ಅಂತ ರಾತ್ರಿ ಬಸ್ಸು ಹತ್ತುವವನು ನಾನು.

‘ಬೆಳಕು ಸ್ವಲ್ಪ ಜಾಸ್ತಿಯಾಯ್ತು ಅಪ್ಪ’ ಅಂದೆ.

‘ಇಲ್ಲ ಇಲ್ಲ, ಸರಿಯಾಗಿದೆ’ ಅಂದ. ‘ಇನ್ನೊಂದ್ಸಲ ಹಾಕು.’