ಚಾರ್ಮಾಡಿ ಇಳಿದು, ಶಿರಾಡಿ ಹತ್ತಿ

ಹಳೆಯ ಬುಲೆಟ್ ಕೊಳ್ಳುವುದೆಂದು ನಿಶ್ಚಯವಾಗಿತ್ತು. 350 ಸಿಸಿಯೋ 500 ಸಿಸಿಯೋ ಎಂಬುದಷ್ಟೇ ಬಾಕಿ. ಚಿಕ್ಕಮಗಳೂರಿನ ಮೆಕ್ಯಾನಿಕ್ ಒಬ್ಬರ ಬಳಿ ಎರಡೂ ಇದ್ದವು, ಎರಡೂ ತೊಂಬತ್ತರ ದಶಕದವು. ಗ್ಯಾರೇಜಿನ ಮುಂದೆ ಒಂದು ಸುತ್ತು ಹಾಕಿದರೆ ಯಾವ ಗಾಡಿಯೂ ಚೆನ್ನಾಗಿಯೇ ಓಡುತ್ತದೆ. ನಮಗೆ ಬೇಕಿದ್ದದ್ದು ಇಬ್ಬರು ಕೂತು, ಬ್ಯಾಗು ಕಟ್ಟಿ, ಬೆಳಗಿನಿಂದ ಸಂಜೆಯವರೆಗೆ ಹೋಗುವಂಥದ್ದು. ಅದು ಘಾಟಿಯಲ್ಲೇ ತೀರ್ಮಾನವಾಗಬೇಕು. ಅಕ್ಕ-ಭಾವನನ್ನೂ ಹೊರಡಿಸಿದೆವು. ಅವರು 500ರ ಮೇಲೆ, ನಾನೂ ನನ್ನ ಹೆಂಡತಿಯೂ 350ರ ಮೇಲೆ.

ಮೂಡಿಗೆರೆವರೆಗೆ ಕಾಫಿ ತೋಟಗಳ ನಡುವಿನ ದಾರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವಾಗ ಅಕ್ಕನೇ ಮಾತು ತೆಗೆದಳು: "ನಿಮ್ಮ ಭಾವ ಎಪ್ಪತ್ತು ದಾಟಿಸಿದರೆ ಕಾಲು ಜೋಮು ಹಿಡಿಯುತ್ತೆ ಕಣೋ." ಅದಕ್ಕೆ ಕಾರಣವಿದೆ. ಎರಡೂ ಎಂಜಿನ್‌ಗಳಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ 90 ಮಿಲಿಮೀಟರ್. ಬೋರ್ ಮಾತ್ರ ಬೇರೆ, ಒಂದರದು 70, ಇನ್ನೊಂದರದು 84. ಹಾಗಾಗಿ ಒಂದು 346 ಸಿಸಿ, ಇನ್ನೊಂದು 499. ಅಷ್ಟು ದೊಡ್ಡ ಒಂಟಿ ಪಿಸ್ಟನ್ ಜೋರಾಗಿ ಓಡಾಡಿದಾಗ ಅದರ ನಡುಕವೆಲ್ಲ ಹಿಂದಿನ ಫುಟ್‌ರೆಸ್ಟಿಗೆ ಬರುತ್ತದೆ. ಸವಾರನ ಗಮನ ರಸ್ತೆಯ ಮೇಲಿರುತ್ತದೆ. ಹಿಂದೆ ಕೂತವರಿಗೆ ತಮ್ಮ ಪಾದ ಬಿಟ್ಟು ಬೇರೆ ಯೋಚನೆಯಿಲ್ಲ.

ಚಾರ್ಮಾಡಿಯ ಇಳಿಜಾರಿನಲ್ಲಿ ಹೆಂಡತಿಯ ಭಾರ ನನ್ನ ಬೆನ್ನಿಗೆ, ಅಲ್ಲಿಂದ ಎರಡು ಮಣಿಕಟ್ಟುಗಳಿಗೆ ಇಳಿಯಿತು. 350ರ ಮುಂದಿನ ಡ್ರಮ್ ಬ್ರೇಕು 6 ಇಂಚಿನದು. ಎರಡನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆಯುವಂತೆ ಬಿಟ್ಟು ಇಳಿದೆ. ಅಣ್ಣಪ್ಪಸ್ವಾಮಿ ಗುಡಿಯಲ್ಲಿ ಕೈಮುಗಿದು ಗಾಡಿ ಬದಲಿಸಿಕೊಂಡೆವು. ಎರಡಕ್ಕೂ ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು, ಆದ್ದರಿಂದ ಕಾಲಿಗೆ ಗೊಂದಲವಿಲ್ಲ. 500ರ ಡ್ರಮ್ 7 ಇಂಚಿನದು, ಎಂಜಿನ್ನಿನ ಹಿಡಿತವೂ ಹೆಚ್ಚು. ಉಳಿದ ತಿರುವುಗಳಲ್ಲಿ ನನ್ನ ಬೆರಳುಗಳ ಬಿಗಿ ತಾನಾಗಿ ಸಡಿಲಿತು.

ಧರ್ಮಸ್ಥಳದಲ್ಲಿ ಊಟ ಮುಗಿಸಿ, ಕೊಕ್ಕಡದ ದಾರಿಯಲ್ಲಿ ಪೆರಿಯಶಾಂತಿಗೆ ಬಂದು ಹೆದ್ದಾರಿ ಸೇರಿದೆವು. ಗುಂಡ್ಯದಿಂದ ಮೇಲಕ್ಕೆ, ಗಾಡಿ ವಾಪಸು ಬದಲಿಸಿಕೊಂಡು, ಮೊದಲು ನಾವು 350ರಲ್ಲಿ. ಲಾರಿಗಳ ಹಿಂದೆ ಮೂರನೇ ಗೇರು, ಎರಡನೇ ಗೇರು, ಮತ್ತೆ ಮೂರು. ಪ್ರತಿಸಲ ಕ್ಲಚ್ ಬಿಟ್ಟಾಗಲೂ ಅವಳ ಹೆಲ್ಮೆಟ್ಟು ನನ್ನ ಹೆಲ್ಮೆಟ್ಟಿಗೆ ಟಕ್ಕೆಂದು ಬಡಿಯುತ್ತಿತ್ತು. ಗಾಡಿ ಸೋಲಲಿಲ್ಲ, ಇಬ್ಬರನ್ನೂ ಬ್ಯಾಗುಗಳನ್ನೂ ಹೊತ್ತು ಹತ್ತಿತು. ಆದರೆ ಹಿಂದೆ ಕೂತವರಿಗೆ ಅದು ಪ್ರಯಾಣವಲ್ಲ, ಓಲಾಟ. ಘಾಟಿಯ ಅರ್ಧದಲ್ಲಿ ಮತ್ತೆ ಬದಲಿಸಿದಾಗ 500 ಮೂರನೇ ಗೇರಿನಲ್ಲೇ ಎಳೆದುಕೊಂಡು ಹೋಯಿತು. ಕಾಗದದ ಮೇಲೆ ಇವೆರಡರ ನಡುವೆ ನಾಲ್ಕೈದು ಕುದುರೆಶಕ್ತಿಯಷ್ಟೇ ಅಂತರ. ಅವಳು ಬೆನ್ನು ಸಡಿಲಬಿಟ್ಟು ಕೂತು, ಕಾಡು ನೋಡುತ್ತ ಮಾತಾಡತೊಡಗಿದಳು. ಅಲ್ಲಿಯವರೆಗೆ ಘಾಟಿಯಲ್ಲಿ ಒಂದು ಮಾತೂ ಆಡಿರಲಿಲ್ಲ.

350ರ ಪರವಾಗಿ ಹೇಳಬೇಕಾದದ್ದು ಬಹಳಷ್ಟಿದೆ. ತಾಲ್ಲೂಕು ಕೇಂದ್ರಗಳಲ್ಲೆಲ್ಲ ಅದನ್ನು ಬಲ್ಲ ಮೆಕ್ಯಾನಿಕ್ ಸಿಗುತ್ತಾನೆ, ಬಿಡಿಭಾಗ ಸಿಗುತ್ತದೆ, ಪೆಟ್ರೋಲೂ ಕಡಿಮೆ ಸಾಕು. 500ರ ಕಿಕ್ಕರ್ ಒದೆಯಲು ತಾಳ್ಮೆ ಬೇಕು. ಆಂಪ್‌ಮೀಟರಿನ ಮುಳ್ಳು ನಡುವಿಗೆ ಬರುವವರೆಗೆ ಮೆಲ್ಲಗೆ ಒತ್ತಿ, ಕಂಪ್ರೆಷನ್ ಬಿಡುವ ಲಿವರ್ ಹಿಡಿದು ಪಿಸ್ಟನ್ನನ್ನು ಸ್ವಲ್ಪ ದಾಟಿಸಿ, ಲಿವರ್ ಬಿಟ್ಟು ಆಮೇಲೆ ಪೂರ್ತಿ ಒದೆಯಬೇಕು. ಅವಸರ ಮಾಡಿದರೆ ಕಿಕ್ಕರ್ ತಿರುಗಿ ಬಂದು ಕಾಲಿಗೆ ಹೊಡೆಯುತ್ತದೆ. ಒಬ್ಬನೇ ಊರೂರು ಸುತ್ತುವವನಾಗಿದ್ದರೆ ನಾನು ಎರಡನೇ ಯೋಚನೆಯಿಲ್ಲದೆ 350 ತೆಗೆದುಕೊಳ್ಳುತ್ತಿದ್ದೆ.

ಸಕಲೇಶಪುರ ದಾಟಿ ಬೇಲೂರಿನಲ್ಲಿ ಕಾಫಿಗೆ ನಿಂತಾಗ ಕೇಳಿದೆ. "ರೀ, ಐನೂರೇ ಇರಲಿ. ಆದರೆ ಅರವತ್ತರ ಮೇಲೆ ಓಡಿಸಬಾರದು," ಎಂದಳು. ಅಕ್ಕ ತಲೆಯಾಡಿಸಿದಳು. ಭಾವ ಆಗಲೇ ವ್ಯಾಪಾರದ ಲೆಕ್ಕಕ್ಕೆ ಇಳಿದಿದ್ದರು: 15 ವರ್ಷ ಮೀರಿದ ಗಾಡಿ, ಆರ್‌ಸಿ ನವೀಕರಣ ಮಾರುವವರೇ ಮಾಡಿಸಿಕೊಡಲಿ, ಬೆಲೆ ಆಮೇಲೆ ಮಾತಾಡೋಣ. ಹಿಂದಿನ ಫುಟ್‌ರೆಸ್ಟಿಗೆ ದಪ್ಪ ರಬ್ಬರನ್ನೂ ಆ ಪಟ್ಟಿಗೆ ನಾನು ಸೇರಿಸಿದೆ.