ಆರನೆಯ ಬೆರಳು

ಮಕ್ಕಳ ಕಾದಂಬರಿಗಳಲ್ಲಿ ತಂದೆತಾಯಿಗಳಿಗೆ ಆಯುಸ್ಸು ಕಡಿಮೆ. ಮೊದಲ ಪ್ರಕರಣ ಮುಗಿಯುವಷ್ಟರಲ್ಲಿ ಜ್ವರವೋ ಯುದ್ಧವೋ ನೌಕಾಘಾತವೋ ಅವರನ್ನು ಕೊಂಡೊಯ್ದಿರುತ್ತದೆ. ಪಾಪ, ಲೇಖಕನಿಗೂ ಬೇರೆ ಮಾರ್ಗವಿಲ್ಲ. ಹೊತ್ತಿಗೆ ಸರಿಯಾಗಿ ಹಾಲು ಕೊಟ್ಟು, ದೀಪ ಹಚ್ಚುವ ಹೊತ್ತಿಗೆ ಮನೆಗೆ ಕೂಗಿ ಕರೆಯುವ ತಾಯಿಯೊಬ್ಬಳಿದ್ದರೆ ಹುಡುಗನು ಸಾಹಸಕ್ಕೆ ಹೊರಡುವುದೆಂತು? ಡಿಕನ್ಸನ ಆಲಿವರ್ ಟ್ವಿಸ್ಟನ ತಾಯಿ ಅವನನ್ನು ಹೆತ್ತು, ಒಮ್ಮೆ ಮುತ್ತಿಟ್ಟು ಕಣ್ಣು ಮುಚ್ಚುತ್ತಾಳೆ. ಉಳಿದ ಕಾದಂಬರಿಯೆಲ್ಲ ಆ ಒಂದು ಮುತ್ತಿನ ವಿಳಾಸವನ್ನು ಹುಡುಕಿಕೊಂಡು ಹೊರಟ ಪ್ರಯಾಣ.

ಫ್ರಾನ್ಸಿನ ಹೆಕ್ಟರ್ ಮಾಲೋ 1878ರಲ್ಲಿ ಪ್ರಕಟಿಸಿದ ಕಾದಂಬರಿಯಂತೂ ತನ್ನ ಹೆಸರಿನಲ್ಲೇ ಈ ಕೊರತೆಯನ್ನು ಸಾರುತ್ತದೆ. ಕನ್ನಡದಲ್ಲಿ ಹೇಳುವುದಾದರೆ ಅದರ ಹೆಸರು ‘ಕುಟುಂಬವಿಲ್ಲದವನು’. ಪ್ಯಾರಿಸ್ಸಿನ ಬೀದಿಯಲ್ಲಿ ಸಿಕ್ಕಿದ ಹಸುಗೂಸು ರೆಮಿ. ಅವನನ್ನು ಹಳ್ಳಿಯಲ್ಲಿ ಸಾಕಿದವಳು ಬಾರ್ಬರೆನ್ ಎಂಬ ಬಡ ಹೆಂಗಸು. ಹುಡುಗನಿಗೆ ಎಂಟು ವರ್ಷವಾದಾಗ ಅವಳ ಗಂಡ ಅವನನ್ನು ಒಬ್ಬ ಮುದಿ ಗಾಯಕನ ಕೈಗೆ ದುಡ್ಡಿಗೆ ಒಪ್ಪಿಸಿಬಿಡುತ್ತಾನೆ. ಅಲ್ಲಿಂದ ಮುಂದೆ ಮೂರು ನಾಯಿ, ಒಂದು ಕೋತಿ, ಒಬ್ಬ ಗಾಯಕ, ಒಬ್ಬ ಹುಡುಗ, ಊರೂರು ಸುತ್ತಾಟ.

ಕಳೆದ ಮಳೆಗಾಲದಲ್ಲಿ ಈ ಪುಸ್ತಕದ ಸಂಕ್ಷಿಪ್ತ ಇಂಗ್ಲಿಷ್ ಅನುವಾದವೊಂದನ್ನು ತಂದು, ಜಯನಗರದ ನಮ್ಮ ಎರಡನೆಯ ಮಹಡಿಯ ಮನೆಯಲ್ಲಿ, ರಾತ್ರಿ ಊಟವಾದ ಮೇಲೆ ಒಂದೊಂದೇ ಪ್ರಕರಣವನ್ನು ಕನ್ನಡದಲ್ಲಿ ಹೇಳತೊಡಗಿದೆ. ಕೇಳುವವನು ನನ್ನ ಮಗ. ಅವನಿಗೆ ಒಂಬತ್ತು ವರ್ಷ. ಹದಿನಾಲ್ಕು ತಿಂಗಳ ಕೂಸಾಗಿದ್ದಾಗ ನಮ್ಮ ಮಡಿಲಿಗೆ ಬಂದವನು, ನಮಗೆ ಹುಟ್ಟಿದವನಲ್ಲ. ಈ ಸಂಗತಿ ಅವನಿಗೆ ಗೊತ್ತು. ಅಕ್ಷರ ಕಲಿಯುವ ಮೊದಲೇ ಗೊತ್ತು.

ಗೊತ್ತು ಮಾಡಿದ್ದು ನಮ್ಮ ಬಂಧುಗಳಿಗೆ ಹಿಡಿಸಲಿಲ್ಲ. “ದೊಡ್ಡವನಾದ ಮೇಲೆ ಹೇಳಿದರಾಯಿತಪ್ಪ, ಈಗಲೇ ಯಾಕೆ ಮಗುವಿನ ತಲೆ ಕೆಡಿಸುತ್ತೀಯ?” ಎಂದು ನನ್ನ ಸೋದರತ್ತೆ ಬನಶಂಕರಿಯಿಂದ ಬಂದಾಗಲೆಲ್ಲ ಕೇಳುತ್ತಾರೆ. ಕೇಳಿ, ಅವನಿಗೆಂದೇ ತಂದ ಕೋಡುಬಳೆಯ ಡಬ್ಬಿಯನ್ನು ಬಿಚ್ಚುತ್ತಾರೆ. ಇಂಥ ಕಾದಂಬರಿಯನ್ನು ಇಂಥ ಹುಡುಗನಿಗೆ ಓದಿ ಹೇಳುತ್ತಿದ್ದೇನೆಂದು ತಿಳಿದ ದಿನ ಡಬ್ಬಿಯ ಮುಚ್ಚಳ ತೆರೆಯುವುದು ಸ್ವಲ್ಪ ತಡವಾಯಿತು.

ಸೋದರತ್ತೆಗೆ ನಾನು ಉತ್ತರವಾಗಿ ಹೇಳಿದ್ದು ಫ್ರೆಂಚ್ ಕಥೆಯನ್ನಲ್ಲ, ಅವರೇ ನನಗೆ ಬಾಲ್ಯದಲ್ಲಿ ಹೇಳಿದ್ದ ಚಂದ್ರಹಾಸನ ಕಥೆಯನ್ನು. ಅನಾಥ ಬಾಲಕನ ಕಥೆಗಾಗಿ ಕನ್ನಡಿಗನು ಕಡಲು ದಾಟಬೇಕಾಗಿಲ್ಲ. ದೇವನೂರಿನ ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಅದು ವಾರ್ಧಕ ಷಟ್ಪದಿಯ ನಾದದೊಡನೆ ಕಾದಿದೆ, ಯಕ್ಷಗಾನದವರು ಅದನ್ನು ರಾತ್ರಿಯಿಡೀ ಆಡುತ್ತಾರೆ, 1965ರಲ್ಲಿ ಬಿ. ಎಸ್. ರಂಗಾ ಅವರು ರಾಜ್‌ಕುಮಾರರನ್ನು ಚಂದ್ರಹಾಸನನ್ನಾಗಿ ತೆರೆಯ ಮೇಲೆ ತಂದರು. ಕೇರಳದ ಅರಸುಮಗ, ಎಡಗಾಲಿನಲ್ಲಿ ಆರು ಬೆರಳು. ತಂದೆ ಯುದ್ಧದಲ್ಲಿ ಮಡಿದ, ತಾಯಿ ಸಹಗಮನ ಮಾಡಿದಳು. ದಾದಿಯೊಬ್ಬಳು ಕೂಸನ್ನು ಕುಂತಳನಗರಕ್ಕೆ ಹೊತ್ತು ತಂದಳು, ಅವಳೂ ತೀರಿಕೊಂಡಳು. ಆಮೇಲೆ ಆ ಹುಡುಗನನ್ನು ಸಾಕಿದ್ದು ಒಂದು ಮನೆಯಲ್ಲ, ಒಂದು ಊರು. ಒಬ್ಬಳು ಉಣಬಡಿಸಿದಳು, ಒಬ್ಬಳು ಮೀಯಿಸಿದಳು, ಇನ್ನೊಬ್ಬಳು ಉಡಲು ಕೊಟ್ಟಳು.

ಈ ಹುಡುಗನೇ ಮುಂದೆ ರಾಜ್ಯಕ್ಕೆ ಒಡೆಯನಾಗುವನೆಂಬ ಮಾತು ಕಿವಿಗೆ ಬಿದ್ದು ಮಂತ್ರಿ ದುಷ್ಟಬುದ್ಧಿಯು ಕೊಲೆಗಾರರನ್ನು ಕಳುಹುತ್ತಾನೆ. ಅವರಿಗೆ ಕೈ ಬರುವುದಿಲ್ಲ. ಆರನೆಯ ಬೆರಳನ್ನು ಕತ್ತರಿಸಿ, ಗುರುತಿಗೆಂದು ಅದನ್ನೇ ಒಯ್ದು ತೋರಿಸುತ್ತಾರೆ. ಕಾಡಿನಲ್ಲಿ ಅಳುತ್ತಿದ್ದ ಹುಡುಗ ಮಕ್ಕಳಿಲ್ಲದ ಕುಳಿಂದನ ಕಣ್ಣಿಗೆ ಬೀಳುತ್ತಾನೆ. ಮಾಲೋವಿನ ಕಥೆಗೂ ನಮ್ಮ ಕಥೆಗೂ ಇರುವ ಅಂತರ ನನಗೆ ಹೊಳೆದದ್ದು ಇಲ್ಲಿ. ರೆಮಿ ಬೀದಿಯಲ್ಲಿ ಸಿಕ್ಕಿದಾಗ ಮೈಮೇಲಿದ್ದ ಬೆಲೆಬಾಳುವ ಬಟ್ಟೆಗಳನ್ನು ತಾಯಿ ಬಾರ್ಬರೆನ್ ಜೋಪಾನವಾಗಿ ಇಟ್ಟಿರುತ್ತಾಳೆ. ಕಟ್ಟಕಡೆಗೆ ಅವೇ ಸಾಕ್ಷಿ ನುಡಿದು ಅವನನ್ನು ಹೆತ್ತ ತಾಯಿಗೆ, ಶ್ರೀಮಂತಳಾದ ಇಂಗ್ಲಿಷ್ ಮಹಿಳೆಗೆ, ಒಪ್ಪಿಸುತ್ತವೆ. ಅಲ್ಲಿ ಹುಟ್ಟಿನ ಗುರುತು ಉಳಿದು ಬಾಲಕ ಮನೆ ಸೇರಿದ; ಇಲ್ಲಿ ಹುಟ್ಟಿನ ಗುರುತು ಕಡಿದುಹೋಗಿ ಬಾಲಕ ಮನೆ ಸೇರಿದ.

ಆದರೆ ಸೋದರತ್ತೆಗೆ ನಾನು ನೆನಪಿಸಿದ್ದು ಮುಂದಿನ ಭಾಗವನ್ನು. ವರ್ಷಗಳು ಕಳೆದು ದುಷ್ಟಬುದ್ಧಿ ಕುಳಿಂದನ ಮನೆಗೆ ಬಂದು, ‘ಮಕ್ಕಳಿಲ್ಲದ ನಿನಗೆ ಈ ಮಗನೆಲ್ಲಿಂದ ಬಂದ?’ ಎಂದು ವಿಚಾರಿಸುತ್ತಾನೆ. ಕುಳಿಂದ ಮುಚ್ಚಿಡುವುದಿಲ್ಲ. ಕಾಡಿನಲ್ಲಿ ಸಿಕ್ಕಿದ್ದನ್ನು ಇದ್ದಂತೆ ಹೇಳಿಬಿಡುತ್ತಾನೆ. ಆ ಮಾತಿನಿಂದಲೇ ಮಗನಿಗೆ ಮರಣದ ಓಲೆ ಸಿದ್ಧವಾಯಿತು. ಆ ಓಲೆಯಲ್ಲಿದ್ದ ‘ವಿಷ’ವನ್ನು ಮಂತ್ರಿಯ ಮಗಳೇ ಕಣ್ಣಿನ ಕಾಡಿಗೆಯಿಂದ ‘ವಿಷಯೆ’ ಎಂದು ತಿದ್ದಿ ಅವನ ಕೈ ಹಿಡಿದಳು. ತರಗತಿಯಲ್ಲಿ ನಾವೆಲ್ಲ ಈ ಕಾಡಿಗೆಯ ಚಮತ್ಕಾರವನ್ನು ಕೊಂಡಾಡಿ ಗಂಟೆ ಹೊಡೆಸಿಕೊಳ್ಳುತ್ತೇವೆ. ನನಗೆ ಈಗೀಗ ಕುಳಿಂದನ ಉತ್ತರವೇ ದೊಡ್ಡದಾಗಿ ಕಾಣುತ್ತದೆ. ‘ನನ್ನವನೇ’ ಎಂದು ಹೇಳಿ ಪಾರಾಗಬಹುದಿತ್ತು. ಸಿಕ್ಕಿದವನೆಂದು ಹೇಳಿದ ಮೇಲೂ ನನ್ನವನೇ ಎಂಬ ಧೈರ್ಯ ಆ ಮನುಷ್ಯನಿಗಿತ್ತು.

“ಕುಳಿಂದ ರಾಜ, ಏನು ಹೇಳಿದರೂ ನಡೆಯುತ್ತೆ” ಎಂದರು ಸೋದರತ್ತೆ.

ಮಗನು ಮಾತ್ರ ಕಥೆಯನ್ನು ತನ್ನದೇ ರೀತಿಯಲ್ಲಿ ಕೇಳುತ್ತಿದ್ದ. ರೆಮಿ ಮತ್ತು ಅವನ ಗೆಳೆಯ ಮಟಿಯ ಹಾರ್ಪು, ಪಿಟೀಲು ನುಡಿಸಿ, ಕಾಸಿಗೆ ಕಾಸು ಕೂಡಿಸಿ, ತಾಯಿ ಬಾರ್ಬರೆನ್ನಳಿಗೆಂದು ಒಂದು ಹಸುವನ್ನು ಕೊಳ್ಳುತ್ತಾರೆ. ಹಿಂದೆ ಅವಳ ಹಸುವನ್ನು ಗಂಡನ ಖರ್ಚಿಗಾಗಿ ಮಾರಬೇಕಾಗಿತ್ತು. ಆಗಿನ್ನೂ ರೆಮಿಗೆ ಹೆತ್ತ ತಾಯಿ ಯಾರೆಂದು ತಿಳಿದಿಲ್ಲ; ಕೈಯಲ್ಲಿ ಮೊದಲ ಸಂಪಾದನೆ ಕೂಡಿದೊಡನೆ ಅವನು ಮಾಡಿದ ಕೆಲಸ ಇದು. ಕಾದಂಬರಿಯ ಕೊನೆಯಲ್ಲಿ ಶ್ರೀಮಂತ ಮನೆ, ಆಸ್ತಿ, ಎಲ್ಲವೂ ಬರುತ್ತದೆ. ಆ ಭಾಗ ನನಗೆ ಅಷ್ಟೇನೂ ರುಚಿಸದು, ಹುಡುಕಾಟದ ಕೂಲಿಯನ್ನು ಚಿನ್ನದಲ್ಲೇ ಕೊಡಬೇಕೆಂಬುದು ಆ ಕಾಲದ ಲೇಖಕರ ಹಟ. ಆದರೆ ಆ ದೊಡ್ಡ ಮನೆಯಲ್ಲಿ ರೆಮಿಯ ಕೂಸನ್ನು ಎತ್ತಿ ಆಡಿಸುವವಳು ತಾಯಿ ಬಾರ್ಬರೆನ್ನೇ ಎಂಬಲ್ಲಿ ಮಾಲೋ ಗೆದ್ದಿದ್ದಾನೆ.

ಹಸುವಿನ ಪ್ರಕರಣದ ರಾತ್ರಿ ಮಗ ಬಹಳ ಹೊತ್ತು ಯೋಚಿಸಿ, “ನಮ್ಮದು ಎರಡನೇ ಮಹಡಿ, ಹಸು ಹತ್ತೋದಿಲ್ಲ” ಎಂದ. ಬಟ್ಟೆಗಳ ಪ್ರಕರಣದ ರಾತ್ರಿ ಎದ್ದು ಕುಳಿತು, “ನಾನು ಬಂದಾಗ ಹಾಕಿಕೊಂಡಿದ್ದ ಬಟ್ಟೆ ಎಲ್ಲಿ?” ಎಂದು ಕೇಳಿದ.

ನನ್ನಾಕೆ ಒಂದು ಮಾತೂ ಆಡದೆ ಎದ್ದುಹೋಗಿ, ಬೀರುವಿನಲ್ಲಿ ಅವಳ ಧಾರೆಯ ಸೀರೆಯ ಕೆಳಗೆ ಮಡಿಸಿಟ್ಟಿದ್ದ ಒಂದು ಪುಟ್ಟ ಹಳದಿ ಅಂಗಿಯನ್ನು ತಂದಳು. ಅಗ್ಗದ ಹತ್ತಿಯ ಅಂಗಿ, ತೊಳೆತೊಳೆದು ಬಣ್ಣ ಮಾಸಿದ್ದು. ಅವನಿಗಿಂತ ಮುಂಚೆ ಆ ಸಂಸ್ಥೆಯ ಎಷ್ಟು ಕೂಸುಗಳು ತೊಟ್ಟಿದ್ದವೋ. ಅದರಲ್ಲಿ ಕಸೂತಿಯಿಲ್ಲ, ಗುರುತಿಲ್ಲ. ಹುಡುಗ ಅದನ್ನು ಒಳಹೊರಗು ತಿರುಗಿಸಿ ನೋಡಿದ. ಎದೆಗೆ ಹಿಡಿದು ಅಳತೆ ನೋಡಿದ. ನಾವಿಬ್ಬರೂ ಅವನ ಮುಖವನ್ನೇ ನೋಡುತ್ತ ಕುಳಿತಿದ್ದೆವು.

“ಇದರಿಂದ ಯಾರನ್ನೂ ಕಂಡುಹಿಡಿಯೋದಕ್ಕೆ ಆಗೋದಿಲ್ಲ ಅಲ್ಲವಾ ಅಪ್ಪ?”

ಅಂಗಿಯಿಂದ ಆಗದು, ಕಾನೂನಿನಲ್ಲಿ ಒಂದು ಬಾಗಿಲಿದೆ ಎಂದು ನಾನು ಹೇಳಿದೆ. 1956ಕ್ಕೆ ಮುಂಚೆ ಹಿಂದೂಗಳಲ್ಲಿ ದತ್ತು ಎಂದರೆ ಸಾಮಾನ್ಯವಾಗಿ ವಂಶಕ್ಕೊಬ್ಬ ಗಂಡುಮಗು, ಪಿಂಡಕ್ಕೊಂದು ಕೈ. ಮಗುವಿನ ಮನಸ್ಸನ್ನು ಕೇಳುವವರಿರಲಿಲ್ಲ. ಆ ವರ್ಷದ ಕಾಯಿದೆ ಹೆಣ್ಣುಮಗುವಿಗೂ ಬಾಗಿಲು ತೆರೆಯಿತು. 2022ರ ದತ್ತು ನಿಯಮಗಳು ಮಗುವಿನ ಈ ಹುಡುಕಾಟಕ್ಕೂ ಎಡೆಯಿಟ್ಟಿವೆ. ಹದಿನೆಂಟು ತುಂಬಿದವರು ತಮ್ಮ ಮೂಲವನ್ನು ತಿಳಿಯಲು ತಾವೇ ಅರ್ಜಿ ಹಾಕಬಹುದು; ಅದಕ್ಕಿಂತ ಚಿಕ್ಕವರು ಸಾಕಿದ ತಂದೆತಾಯಿಗಳ ಜೊತೆಗೂಡಿ ಹಾಕಬೇಕು. ಹೆತ್ತವರು ಮರೆಯಲ್ಲಿರಲು ಬಯಸಿದ್ದರೆ ಆ ಬಯಕೆಗೂ ಬೆಲೆಯುಂಟು. ಇಷ್ಟನ್ನೂ ಒಂಬತ್ತು ವರ್ಷದವನಿಗೆ ತಿಳಿಯುವಂತೆ ಹೇಳುವುದು ಷಟ್ಪದಿಯ ಲಕ್ಷಣ ಹೇಳಿದಷ್ಟು ಸುಲಭವಲ್ಲ. ಹೇಳುವಾಗ ನನ್ನಾಕೆ ಹಳದಿ ಅಂಗಿಯನ್ನು ಮಡಿಸುತ್ತಿದ್ದಳು. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸುತ್ತಿದ್ದಳು.

ಹುಡುಗ ಬೆರಳೆಣಿಸಿದ. ಹದಿನೆಂಟಕ್ಕೆ ಇನ್ನೂ ಒಂಬತ್ತು ವರ್ಷ.

“ಹದಿನೆಂಟಾದ ಮೇಲೆ ಹೋದರೆ ನಾನೊಬ್ಬನೇ ಹೋಗಬೇಕಾ?”

“ಹೋಗಬಹುದು. ಹೋಗಲೇಬೇಕೆಂದಿಲ್ಲ.”

“ಮುಂಚೆ ಆದರೆ ನೀವಿಬ್ಬರೂ ಬರಲೇಬೇಕು, ಅಲ್ಲವಾ?”

“ಹೌದು, ನಿಯಮ ಹಾಗಿದೆ.”

“ಹಾಗಾದರೆ ಮುಂಚೆಯೇ ಹೋಗೋಣ” ಎಂದು ಅವನು ಹೊದಿಕೆ ಎಳೆದುಕೊಂಡ.