ಚದುರಂಗದ ಹಳ್ಳಿ

ಕೇರಳದ ತೃಶ್ಶೂರು ಜಿಲ್ಲೆಯಲ್ಲಿ, ರಬ್ಬರು ತೋಟಗಳನ್ನು ದಾಟಿ, ನಾವು ಕಾಡಿನಂಚಿನ ಮರೊಟ್ಟಿಚ್ಚಾಲ್ ಗ್ರಾಮವನ್ನು ಸೇರಿದೆವು. ಇಲ್ಲಿಯ ಓಲಕ್ಕಯಂ ಜಲಪಾತವನ್ನು ನೋಡಬರುವವರು ಹಲವರು; ನಮ್ಮನ್ನು ಸೆಳೆದುದು ಮಾತ್ರ ಚದುರಂಗ.

ಒಂದು ಕಾಲದಲ್ಲಿ ಈ ಊರು ಕಳ್ಳಭಟ್ಟಿಗೂ ಜೂಜಿಗೂ ಹೆಸರಾಗಿದ್ದಿತು. ಹಗಲಿನ ಗಳಿಕೆಯು ಸಂಜೆಗೆ ಕರಗಿದರೆ ಹೆಂಡಿರು ಮಕ್ಕಳ ಗತಿಯೇನೆಂಬುದನ್ನು ವಾಚಕರೇ ಊಹಿಸಬಲ್ಲರು. ಅಮೆರಿಕದ ಬಾಬಿ ಫಿಷರನ ಕೀರ್ತಿಯನ್ನು ಕೇಳಿ ಎಳೆವಯಸ್ಸಿನಲ್ಲಿಯೇ ಆಟವನ್ನು ಕಲಿತಿದ್ದ ಉಣ್ಣಿಕೃಷ್ಣನ್ ಎಂಬವರು ಇಲ್ಲಿ ಚಹದಂಗಡಿಯನ್ನಿಟ್ಟು, ಬಂದವರಿಗೆಲ್ಲ ಅದನ್ನು ಕಲಿಸತೊಡಗಿದರು. ಉಪದೇಶವು ಮಾಡದುದನ್ನು ಮಣೆಯು ಮಾಡಿತು. ಮತ್ತೇರಿದವನಿಗೆ ಕುದುರೆಯ ನಡೆಯು ಕಾಣದು. ಪಣವಿಲ್ಲದ ಆಟದಲ್ಲಿ ಸೋತವನ ಮನೆಗೆ ಉಪವಾಸವೂ ಇಲ್ಲ. ಹೀಗೆ ಬಾಟಲಿಯನ್ನು ಬಿಟ್ಟ ಕೈಗಳು ಕಾಲಾಳನ್ನು ಹಿಡಿದುವು. 2016ರಲ್ಲಿ ಈ ಊರಿನ ಪ್ರಯತ್ನದಿಂದ 1,000ಕ್ಕೆ ಮೇಲ್ಪಟ್ಟ ಹವ್ಯಾಸಿಗಳು ಏಕಕಾಲದಲ್ಲಿ ಆಡಿ ಏಷ್ಯಾಖಂಡದ ದಾಖಲೆಯೊಂದನ್ನು ಸ್ಥಾಪಿಸಿದರು.

ಅಂಗಡಿಯ ಬೆಂಚುಗಳ ಮೇಲೆ ನಾವು ಕಂಡವರು ಪ್ರವೀಣರೇನೂ ಅಲ್ಲ. ಮುದುಕರು ಹುಡುಗರೊಡನೆ ಸರಿಸಮನಾಗಿ ಕುಳಿತು, ಲೋಟದ ಚಹವು ಆರಿದುದನ್ನೂ ಮರೆತು, ಒಂದು ಆನೆಯನ್ನುಳಿಸಿಕೊಳ್ಳಲು ಹೆಣಗುತ್ತಿದ್ದರು. ಜಗಜ್ಜೆಟ್ಟಿಗಳ ಪಂದ್ಯಗಳಿಗೆ ಅವುಗಳ ಗೌರವವಿರಲಿ. ಸಂಸಾರವನ್ನುಳಿಸುವ ಆಟಕ್ಕೆ ಈ ಮಟ್ಟದ ಜಾಣ್ಮೆಯೇ ಸಾಕು.